ಬೋಟಿ ಹಾಕಬೇಕಾ, ಪೆಡಿಗ್ರಿ ಹಾಕಬೇಕಾ?

ಎಲ್ಲರಿಗೂ ನಮಸ್ಕಾರ.

ನಾಯಿ ಸಾಕಿದವರು ನಾಲ್ಕು ಜನ ಸೇರಿದರೆ ಜಗಳ ಶುರುವಾಗುವುದು ಊಟದ ವಿಷಯಕ್ಕೇ. ಒಬ್ಬರಿಗೆ ಹಸಿ ಮಾಂಸವೇ ಆಗಬೇಕು, ಇನ್ನೊಬ್ಬರಿಗೆ ಪೆಡಿಗ್ರಿ. ಯಾವ ಕಂಪನಿಯ ಒಣ ಕಾಳಾದರೂ ನಮ್ಮ ಬಾಯಲ್ಲಿ ಅದು ಪೆಡಿಗ್ರಿನೇ, ಅಲ್ವಾ?

'ನಾಯಿ ತೋಳದ ವಂಶ, ತೋಳ ಒಲೆ ಹಚ್ಚುತ್ತದಾ ಡಾಕ್ಟ್ರೇ?' ಎಂದು ಹಸಿ ಮಾಂಸದವರು ಕೇಳುತ್ತಾರೆ. ಇಲ್ಲ, ಹಚ್ಚುವುದಿಲ್ಲ. ಆದರೆ ನಿಮ್ಮ ನಾಯಿ ತೋಳವೂ ಅಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ನಾಯಿ, ತೋಳ ಎರಡರ ಜೀನ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪಿಷ್ಟ ಅರಗಿಸಲು ಬೇಕಾದ ಅಮೈಲೇಸ್ ಜೀನ್ ತೋಳದಲ್ಲಿ 2 ಪ್ರತಿ, ನಾಯಿಯಲ್ಲಿ 4ರಿಂದ 30. ಸಾವಿರಾರು ವರ್ಷ ನಮ್ಮ ಹಿತ್ತಲಲ್ಲಿ ಉಳಿದದ್ದು ತಿಂದು ಬದಲಾದ ಜೀವ ಅದು. ಹಳ್ಳಿಯ ನಾಯಿ ಮುದ್ದೆ, ಅನ್ನ ತಿಂದು ದಕ್ಕಿಸಿಕೊಂಡದ್ದು ಸುಮ್ನೆ ಅಲ್ಲ. (ಚಳಿದೇಶದ ಹಸ್ಕಿ ತಳಿ ಸಾಕಿದವರು ನಗಬೇಡಿ. ನಿಮ್ಮದರಲ್ಲಿ ಈ ಪ್ರತಿಗಳು ಕಡಿಮೆ.)

ಹಸಿ ಮಾಂಸದಲ್ಲಿ ನನ್ನನ್ನು ಹೆದರಿಸುವುದು ಕ್ಯಾಲ್ಸಿಯಂ ಲೆಕ್ಕ. ನಾಯಿಯ ಊಟದಲ್ಲಿ ರಂಜಕ (ಫಾಸ್ಫರಸ್) ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಅದಕ್ಕಿಂತ ತುಸು ಜಾಸ್ತಿ ಇರಬೇಕು. ಬೋನ್‌ಲೆಸ್ ಚಿಕನ್‌ನಲ್ಲಿ ಲೆಕ್ಕ ಉಲ್ಟಾ. ರಂಜಕವೇ ಹತ್ತು ಪಟ್ಟಿಗೂ ಹೆಚ್ಚು. ಕೊರತೆ ತುಂಬಿಸಲು ಮೈ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿಯೊಂದು ನನ್ನ ಹತ್ತಿರ ಬಂದಿತ್ತು. ಸೋಫಾದಿಂದ ಇಳಿದಷ್ಟಕ್ಕೇ ಕಾಲು ಮುರಿದಿತ್ತು. ಮನೆಯವರು ಪ್ರೀತಿಯಿಂದ, ದುಬಾರಿ ದುಡ್ಡು ಕೊಟ್ಟು, ದಿನವೂ ಬರೀ ಚಿಕನ್ ಹಾಕಿದ್ದರು. ಹಸಿ ಊಟವನ್ನು ತೊಂಬತ್ತರ ದಶಕದಲ್ಲಿ ಜನಪ್ರಿಯ ಮಾಡಿದ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಕೂಡ ಬರೀ ಮಾಂಸ ಹಾಕಿ ಎನ್ನಲಿಲ್ಲ. ಮಾಂಸ ಮೆತ್ತಿಕೊಂಡ ಹಸಿ ಮೂಳೆಯೇ ಅವರಿಗೆ ಮುಖ್ಯ. ನಮ್ಮವರು ಮೂಳೆ ಬಿಟ್ಟು ಮಾಂಸ ಹಿಡಿದುಕೊಂಡರು.

ಇನ್ನು ಮಟನ್ ಅಂಗಡಿಯವರು ಬಿಟ್ಟಿ ಕೊಡುವ ಬೋಟಿ, ಲಿವರ್, ಶ್ವಾಸಕೋಶ. ಕುರಿಯ ಲಿವರ್‌ನಲ್ಲಿ, ಶ್ವಾಸಕೋಶದಲ್ಲಿ ಒಮ್ಮೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಲ್ಲಿ ಪುಟ್ಟ ಲಾಡಿಹುಳು ಬೆಳೆಯುತ್ತದೆ. ನಾಯಿಗೆ ಏನೂ ಆದಂತೆ ಕಾಣುವುದಿಲ್ಲ. ಅದರ ಕಕ್ಕದಲ್ಲಿ ಮೊಟ್ಟೆ ಬಂದು, ಮೈಗೆ ಅಂಟಿ, ಮುದ್ದು ಮಾಡಿದ ಮಗುವಿನ ಬಾಯಿಗೆ ಹೋದರೆ ವರ್ಷಗಳ ನಂತರ ಮಗುವಿನ ಲಿವರ್‌ನಲ್ಲೇ ಅಂಥ ಗುಳ್ಳೆ. ಎಷ್ಟೋ ಸಲ ಆಪರೇಷನ್ನೇ ಬೇಕಾಗುತ್ತದೆ. ಚೆನ್ನಾಗಿ ಬೇಯಿಸಿ ಹಾಕಿದರೆ ಈ ಕಥೆಯೇ ಇಲ್ಲ. ಹಸಿ ಮಾಂಸದಲ್ಲಿರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕೂಡ ಹಾಗೇ. 'ಫ್ರೀಜರ್‌ನಲ್ಲಿ ಇಟ್ಟಿದ್ದೆ' ಎಂದರೆ ಅದು ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೇ.

ಹಾಗಂತ ಪೆಡಿಗ್ರಿ ದೇವರ ಪ್ರಸಾದವಲ್ಲ. ಬಿಸಿಯಲ್ಲಿ ಒತ್ತಿ, ಉಬ್ಬಿಸಿ, ಮೇಲೆ ಕೊಬ್ಬು ಸಿಂಪಡಿಸಿದ ಕಾರ್ಖಾನೆ ಮಾಲು ಅದು. 2007ರಲ್ಲಿ ಅಮೆರಿಕದಲ್ಲಿ ಪ್ಲಾಸ್ಟಿಕ್‌ಗೆ ಬಳಸುವ ಮೆಲಮೈನ್ ರಾಸಾಯನಿಕ ಬೆರೆತ ಪ್ಯಾಕೆಟ್ ಊಟದಿಂದ ನಾಯಿ, ಬೆಕ್ಕುಗಳ ಕಿಡ್ನಿ ಹೋಯಿತು. ಒಣ ಕಾಳಿನಲ್ಲಿ ನೀರಿನಂಶ ನೂರಕ್ಕೆ ಹತ್ತರ ಆಸುಪಾಸು, ಮಾಂಸದಲ್ಲಿ ಎಪ್ಪತ್ತರ ಹತ್ತಿರ. ಹಾಗಾಗಿ ನೀರಿನ ಬಟ್ಟಲು ಖಾಲಿ ಇರಬಾರದು. ಮೂಟೆ ಬಿಚ್ಚಿ ಲೂಸಾಗಿ ಮಾರುವುದನ್ನು ತರಬೇಡಿ. ಮಳೆಗಾಲದಲ್ಲಿ ಅದು ಕಮಟು ಹಿಡಿಯುತ್ತದೆ, ಬೂಷ್ಟೂ ಬರುತ್ತದೆ.

ನನ್ನನ್ನು ಕೇಳಿದರೆ, ಬೆಳೆಯುವ ಮರಿಗೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದು ಬರೆದಿರುವ, ಮರಿಗಳಿಗೆಂದೇ ಮಾಡಿದ ಪ್ಯಾಕೆಟ್ ಊಟ. ಬೆಳೆದ ನಾಯಿಗೆ ಪ್ಯಾಕೆಟ್ ಊಟದ ಮೇಲೆ ಸ್ವಲ್ಪ ಬೇಯಿಸಿದ ಮೊಟ್ಟೆ, ಮಾಂಸ ಹಾಕಿ, ಖುಷಿಯಾಗಿ ತಿನ್ನಲಿ. ಮನೆಯಲ್ಲಿ ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ಹಸಿ ಮಾಂಸದ ಯೋಚನೆಯೇ ಬೇಡ.

ಈಗ ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೈ ಎತ್ತಿದ್ದಾರೆ. ಭಾನುವಾರದ ಬಿರಿಯಾನಿ ಮೂಳೆ ಬಗ್ಗೆ ತಾನೇ? ಬೇಡಮ್ಮ, ಬೆಂದ ಮೂಳೆ ಸೀಳಾಗಿ ಕರುಳಿಗೆ ಚುಚ್ಚುತ್ತದೆ. ಸರಿ, ಕೇಳಿ.