ಈ ಸಲದ ಚಳಿಗೆ ಯಾವ ಸ್ವೆಟರ್?

ಕೇಳುಗರೇ, ನಮಸ್ಕಾರ.

2020ರ ಫೆಬ್ರವರಿಯಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್ ಒಂದು ಟೀವಿ ಕಾರ್ಯಕ್ರಮದ ರಿಹರ್ಸಲ್‌ಗೆ ಕಾರ್ಡಿಗನ್ ಹಾಕಿಕೊಂಡು ಬಂದರು. ಕೌದಿಯ ಹಾಗೆ ಬಣ್ಣಬಣ್ಣದ ಚೌಕಗಳನ್ನು ಜೋಡಿಸಿದ ದಪ್ಪ ಕಾರ್ಡಿಗನ್ ಅದು. ಮಾಡಿದ್ದು ಜೆ.ಡಬ್ಲ್ಯೂ. ಆಂಡರ್ಸನ್ ಎಂಬ ಫ್ಯಾಷನ್ ಸಂಸ್ಥೆ. ಅದನ್ನು ಕೊಳ್ಳುವುದು ಎಲ್ಲರ ಕೈಗೆ ಎಟಕುವ ಮಾತಲ್ಲ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಮನೆಯಲ್ಲೇ ಕೂತಿದ್ದ ಎಳೆಯರು ಫೋಟೋ ನೋಡಿಕೊಂಡೇ ಅದನ್ನು ಹೆಣೆಯಲು ಶುರು ಮಾಡಿದರು, ಅದರ ವಿಡಿಯೋ ಹಂಚಿಕೊಂಡರು. ಕೊನೆಗೆ ಸಂಸ್ಥೆಯೇ ಆ ಪ್ಯಾಟರ್ನನ್ನು, ಅಂದರೆ ಹೆಣೆಯುವ ಕ್ರಮದ ಬರಹವನ್ನು, ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಅದೇ ವರ್ಷ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ಕಾರ್ಡಿಗನ್ ಅನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡಿತು.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಒಂದು ವಿಷಯ. ಇಡೀ ಜಗತ್ತು ಬೆನ್ನು ಹತ್ತಿದ ಆ ಬಟ್ಟೆಯಲ್ಲಿ ಹೊಸ ಹೆಣಿಗೆ ಅಂತ ಏನೂ ಇರಲಿಲ್ಲ. ನಿಟ್ ಮತ್ತು ಪರ್ಲ್, ಅಂದರೆ ಸೀದಾ ಮತ್ತು ಉಲ್ಟಾ, ಇವೆರಡು ಬರುವವರು ಹೆಣೆಯಬಹುದಾದ ಚೌಕಗಳು. ಹೊಸದಾಗಿದ್ದದ್ದು ಬಣ್ಣದ ಧೈರ್ಯ, ದಪ್ಪ ನೂಲು, ಮೈಗೆ ಅಂಟದ ಅಗಲವಾದ ಆಕಾರ. ಹೆಣಿಗೆಯ ಫ್ಯಾಷನ್ ಬಹಳ ಸಲ ಬದಲಾಗುವುದೇ ಹೀಗೆ. ಕಡ್ಡಿಯ ಮೇಲಿನ ಕೆಲಸ ಹಳೆಯದೇ. ನೂಲು, ಅಗಲ, ಹೆಗಲು, ಕುತ್ತಿಗೆ, ಇವು ಬದಲಾಗುತ್ತವೆ. ಇದು ತಿಳಿದವರಿಗೆ ಯಾವ ಹೊಸ ಡಿಸೈನ್ ಕಂಡರೂ ಭಯ ಆಗುವುದಿಲ್ಲ.

ಫೇರ್ ಐಲ್ ಅನ್ನುವ ಬಣ್ಣದ ಚಿತ್ತಾರದ ಹೆಣಿಗೆಯನ್ನೇ ನೋಡಿ. ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್‌ಲ್ಯಾಂಡ್ ದ್ವೀಪಗಳಿವೆ. ಅಲ್ಲಿನ ಒಂದು ಪುಟ್ಟ ದ್ವೀಪದ ಹೆಸರು ಇದು. 1920ರ ದಶಕದಲ್ಲಿ ಬ್ರಿಟನ್ನಿನ ಯುವರಾಜ, ಮುಂದೆ ಎಂಟನೇ ಎಡ್ವರ್ಡ್ ಆದವನು, ಗಾಲ್ಫ್ ಆಡಲು ಈ ಚಿತ್ತಾರದ ಸ್ವೆಟರ್ ಹಾಕಿಕೊಂಡ. ಮೀನುಗಾರರ ಉಡುಪು ಸಿರಿವಂತರ ಫ್ಯಾಷನ್ ಆಯಿತು. ಅಲ್ಲಿಂದ ಇಲ್ಲಿಯವರೆಗೆ ಅದು ಮತ್ತೆ ಮತ್ತೆ ಬರುತ್ತಲೇ ಇದೆ. ನೋಡಲು ಹತ್ತಾರು ಬಣ್ಣ ಇದ್ದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಒಂದು ಸಾಲಿನಲ್ಲಿ ಇರುವುದು ಎರಡೇ ಬಣ್ಣ. ಆ ಹೊತ್ತಿಗೆ ಬೇಡದ ಬಣ್ಣದ ನೂಲು ಹಿಂಬದಿಯಲ್ಲಿ ಸುಮ್ನೆ ಸಾಗುತ್ತಿರುತ್ತದೆ. ಹಾಗಾಗಿ ಬಟ್ಟೆ ಎರಡು ಪದರ ಆಗುತ್ತದೆ, ಬೆಚ್ಚಗೂ ಇರುತ್ತದೆ. ಹಿಂದೆ ಸಾಗುವ ಆ ನೂಲನ್ನು ಬಿಗಿಯಾಗಿ ಎಳೆಯಬಾರದು, ಎಳೆದರೆ ಮುಂಭಾಗ ಸುಕ್ಕು ಬೀಳುತ್ತದೆ. ಬಲಗಡೆಯ ಕಡ್ಡಿಯ ಮೇಲಿರುವ ಕುಣಿಕೆಗಳನ್ನು ಬೆರಳಿನಿಂದ ಹರಡಿಕೊಂಡು, ಆಮೇಲೆ ಬಣ್ಣ ಬದಲಿಸಿ.

ಬಣ್ಣ ಆರಿಸಲು ಒಂದು ಸುಲಭ ಉಪಾಯ ಹೇಳುತ್ತೇನೆ. ನೂಲಿನ ಉಂಡೆಗಳನ್ನು ಸಾಲಾಗಿ ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಕೆಂಪು, ಹಸಿರು ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಅವುಗಳ ನಡುವೆ ಚಿತ್ತಾರ ಎದ್ದು ಕಾಣುವುದಿಲ್ಲ. ಒಂದು ಗಾಢ, ಇನ್ನೊಂದು ತಿಳಿ ಇರಬೇಕು. ಬಣ್ಣ ಯಾವುದು ಅನ್ನುವುದಕ್ಕಿಂತ ಈ ವ್ಯತ್ಯಾಸವೇ ಮುಖ್ಯ.

ಹೆಗಲಿನ ಸುತ್ತ ದುಂಡಗೆ ಚಿತ್ತಾರ ಇರುವ ಸ್ವೆಟರ್ ಕೂಡ ಚಳಿಗಾಲಕ್ಕೆ ಸದಾ ಬೇಡಿಕೆಯದು. ಅದರ ಹೆಸರಾಂತ ರೂಪ ಐಸ್‌ಲ್ಯಾಂಡಿನದು, ಲೋಪಾಪೆಯ್ಸಾ ಅನ್ನುತ್ತಾರೆ. ಬಹಳ ಪುರಾತನ ಅಂತ ಜನ ಅಂದುಕೊಳ್ಳುತ್ತಾರೆ. ನಿಜವಾಗಿ ಅದು ರೂಪುಗೊಂಡದ್ದು 20ನೇ ಶತಮಾನದ ನಡುವಿನಲ್ಲಿ. ಐರ್ಲೆಂಡಿನ ಆರಾನ್ ಸ್ವೆಟರ್‌ಗೂ ಇಂಥದ್ದೇ ಒಂದು ಕಥೆ ಅಂಟಿಕೊಂಡಿದೆ. ಒಂದೊಂದು ಮನೆತನಕ್ಕೆ ಒಂದೊಂದು ಹೆಣಿಗೆ ಇತ್ತು ಎನ್ನುವ ಮಾತು ನಿಜವಲ್ಲ. ಅದು ತಿಳಿದ ಮೇಲೂ ಜಡೆ ಹಾಕಿದ ಆ ಹೆಣಿಗೆಯ ಅಂದವೇನೂ ಕಡಿಮೆ ಆಗುವುದಿಲ್ಲ. ಆದರೆ ನೂಲು ಕೊಳ್ಳುವಾಗ ಒಂದು ಲೆಕ್ಕ ಇರಲಿ. ಜಡೆಯಂಥ ಈ ಕೇಬಲ್ ಹೆಣಿಗೆ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಷ್ಟೇ ಅಗಲದ ಸಾದಾ ಹೆಣಿಗೆಗಿಂತ ಇದಕ್ಕೆ ಕುಣಿಕೆಯೂ ಜಾಸ್ತಿ, ನೂಲೂ ಜಾಸ್ತಿ ಬೇಕು.

ಇನ್ನೊಂದು ಹಳೆಯ ಸಂಗತಿ ಹೇಳಲೇಬೇಕು. 1927ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಸಾ ಸ್ಕಿಯಾಪರೆಲ್ಲಿ ಎಂಬ ಫ್ಯಾಷನ್ ವಿನ್ಯಾಸಕಿ ಒಂದು ಕಪ್ಪು ಸ್ವೆಟರ್ ತಂದರು. ಕುತ್ತಿಗೆಯ ಬಳಿ ಬಿಳಿ ಬೋ ಕಟ್ಟಿದ ಹಾಗೆ ಕಾಣುತ್ತಿತ್ತು. ಮುಟ್ಟಿದರೆ ಬೋ ಇಲ್ಲ, ಅದು ಹೆಣಿಗೆಯಲ್ಲೇ ಮೂಡಿದ ಚಿತ್ರ. ಅದನ್ನು ಹೆಣೆದುಕೊಟ್ಟವರು ಆ ಊರಿನಲ್ಲಿದ್ದ ಅರ್ಮೇನಿಯಾದ ಹೆಣಿಗೆಗಾರರು. ಇವರ ಹೆಣಿಗೆಯಲ್ಲಿ ಕಪ್ಪಿನ ಹಿಂದೆ ಬಿಳಿ ನೂಲು ಸೇರಿಕೊಂಡು ಬರುತ್ತಿತ್ತು. ಹಾಗಾಗಿ ಬಟ್ಟೆ ಬೇಗ ಜೋಲುತ್ತಿರಲಿಲ್ಲ. ಸ್ಕಿಯಾಪರೆಲ್ಲಿ ದೊಡ್ಡ ಹೆಸರು ಮಾಡಿದ್ದು ಈ ಸ್ವೆಟರ್‌ನಿಂದ. ಅದರ ಹಿಂದೆ ಕಡ್ಡಿ ಹಿಡಿದ ಕೈಗಳಿದ್ದವು ಎಂಬುದನ್ನೂ ನಾವು ನೆನೆಯಬೇಕು.

ಸರಿ, ನಿಮಗೆ ಒಂದು ಡಿಸೈನ್ ಮನಸ್ಸಿಗೆ ಬಂತು ಅಂತ ಇಟ್ಟುಕೊಳ್ಳಿ. ಮೊದಲು ಸ್ಯಾಂಪಲ್ ಆಗಿ ಒಂದು ಪುಟ್ಟ ತುಂಡು ಹೆಣೆಯಿರಿ. ಬೇಸರದ ಕೆಲಸ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಪ್ಯಾಟರ್ನ್‌ನಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಅಂತ ಇದೆ. ಎದೆಯ ಸುತ್ತಳತೆ 110 ಸೆಂಟಿಮೀಟರ್. ಅಂದರೆ 242 ಕುಣಿಕೆ. ನಿಮ್ಮ ಕೈ ಸ್ವಲ್ಪ ಸಡಿಲ, 10 ಸೆಂಟಿಮೀಟರಿಗೆ 20 ಕುಣಿಕೆ ಬರುತ್ತಿದೆ. ಎರಡೇ ಕುಣಿಕೆ ವ್ಯತ್ಯಾಸ. ಆದರೆ ಅದೇ 242 ಕುಣಿಕೆ ಹಾಕಿದರೆ ಸ್ವೆಟರ್ 121 ಸೆಂಟಿಮೀಟರ್ ಆಗುತ್ತದೆ. ಹನ್ನೊಂದು ಸೆಂಟಿಮೀಟರ್ ಅಂದರೆ ಒಂದು ಇಡೀ ಸೈಜಿನ ವ್ಯತ್ಯಾಸ. ಒಂದು ಸೈಜ್ ತೆಳುವಾದ ಕಡ್ಡಿಯಲ್ಲಿ ಹೆಣೆದು, ಮತ್ತೆ ಅಳೆಯಿರಿ.

ಸ್ಯಾಂಪಲ್ ಕನಿಷ್ಠ 15 ಸೆಂಟಿಮೀಟರ್ ಅಗಲ ಇರಲಿ. ಅಂಚಿನ ಕುಣಿಕೆಗಳು ಸುರುಳಿ ಸುತ್ತುತ್ತವೆ, ಅವುಗಳನ್ನು ಅಳೆಯಬೇಡಿ. ಇನ್ನೊಂದು ವಿಷಯ, ತೊಳೆದು ಒಣಗಿಸಿದ ಮೇಲೇ ಅಳೆಯಬೇಕು. ಮೆಶಿನ್‌ನಲ್ಲಿ ತೊಳೆಯಬಹುದು ಅಂತ ಬರೆದಿರುವ ಉಣ್ಣೆ ನೂಲು ಒದ್ದೆ ಆದಾಗ ಚೆನ್ನಾಗಿ ಹಿಗ್ಗುತ್ತದೆ. ಕಡ್ಡಿಯ ಮೇಲೆ ಸರಿಯಾಗಿ ಕಂಡ ಅಳತೆ ಮೊದಲ ಒಗೆತಕ್ಕೇ ಬದಲಾಗಬಹುದು.

ಅಗಲವಾದ ಸ್ವೆಟರ್ ಈಗಿನ ಫ್ಯಾಷನ್. ಹಾಗಂತ ದೊಡ್ಡ ಸೈಜ್ ಆರಿಸಿಬಿಟ್ಟರೆ ಸಾಲದು. ಎದೆಯ ಅಳತೆಗಿಂತ 15ರಿಂದ 25 ಸೆಂಟಿಮೀಟರ್ ಜಾಸ್ತಿ ಅಗಲ ಇಟ್ಟು, ಕುತ್ತಿಗೆ ಮತ್ತು ತೋಳಿನ ತುದಿಯನ್ನು ನಿಮ್ಮ ಅಳತೆಗೇ ಬಿಡಿ. ಆಗ ಅದು ಬೇಕೆಂದೇ ಸಡಿಲ ಇಟ್ಟ ಹಾಗೆ ಕಾಣುತ್ತದೆ. ಕುತ್ತಿಗೆಯೂ ದೊಡ್ಡದಾದರೆ ಬೇರೆಯವರ ಬಟ್ಟೆ ಹಾಕಿಕೊಂಡ ಹಾಗೆ ಇರುತ್ತದೆ. ಮೊಹೇರ್, ಅಂದರೆ ಒಂದು ಜಾತಿಯ ಮೇಕೆಯ ಕೂದಲಿನ ತೆಳುವಾದ ನೂಲು, ಅದನ್ನು ಸಾದಾ ಉಣ್ಣೆಯ ಜೊತೆ ಸೇರಿಸಿ, ಎರಡೂ ಎಳೆ ಒಟ್ಟಿಗೆ ಹಿಡಿದು ಹೆಣೆಯುವುದೂ ಈಗ ಬಹಳ ಕಡೆ ಕಾಣುತ್ತದೆ. ತುಪ್ಪಳದಂಥ ಮೃದುತನ ಬರುತ್ತದೆ, ಬಟ್ಟೆ ಹಗುರ ಇರುತ್ತದೆ. ಆದರೆ ಮೊಹೇರ್ ಬಿಚ್ಚುವುದು ಕಷ್ಟ. ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಹೊಸಬರು ಇದರಿಂದ ಶುರು ಮಾಡುವುದು ಬೇಡ.

ಪ್ಯಾಟರ್ನ್ ಇಲ್ಲದೆ ನಿಮ್ಮದೇ ಲೆಕ್ಕದಲ್ಲಿ ಮಾಡಬೇಕು ಅಂತ ಆಸೆ ಇದೆಯಾ? ಅದಕ್ಕೆ ಎಲಿಜಬೆತ್ ಝಿಮ್ಮರ್‌ಮನ್ ಎಂಬ ಹೆಣಿಗೆಗಾರ್ತಿ ತೋರಿದ ದಾರಿ ಇದೆ. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ನೆಲೆಸಿದವರು ಅವರು. ಮೈಭಾಗದ ಕುಣಿಕೆಗಳನ್ನು ನೂರು ಅಂತ ಇಟ್ಟುಕೊಂಡರೆ, ಮಣಿಕಟ್ಟಿಗೆ ಸುಮಾರು 20, ತೋಳಿನ ಮೇಲ್ಭಾಗಕ್ಕೆ 33ರಿಂದ 35, ಕುತ್ತಿಗೆಗೆ 40. ಇಷ್ಟೇ. 242 ಕುಣಿಕೆಯ ಸ್ವೆಟರ್‌ಗೆ ಮಣಿಕಟ್ಟಿನಲ್ಲಿ 48 ಕುಣಿಕೆ. ಎದೆಯ ಅಳತೆ ಒಂದು ಗೊತ್ತಿದ್ದರೆ ಮಿಕ್ಕಿದ್ದೆಲ್ಲ ಹೊರಡುತ್ತದೆ. ಅಗಲವಾದ ಮಾದರಿಗೆ ಮಾತ್ರ ಮಣಿಕಟ್ಟನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಈ ಲೆಕ್ಕಕ್ಕೆ ನಾನು ಮನಸಾರೆ ಋಣಿ. ಕುತ್ತಿಗೆಯ ವಿನ್ಯಾಸ, ಬಣ್ಣ, ಅಂಚು, ಇದರ ಮೇಲೆ ಏನು ಬೇಕಾದರೂ ಕೂರುತ್ತದೆ.

ಬೇಸಿಗೆಗೆ ಉಣ್ಣೆ ಬೇಡ. ಹತ್ತಿ, ಲಿನನ್ ನೂಲಿನಲ್ಲಿ ರಂಧ್ರಗಳಿರುವ ಲೇಸ್ ಹೆಣಿಗೆ ಚೆಂದ. ಕಡ್ಡಿಗೆ ಒಂದು ಸುತ್ತು ನೂಲು ಸುತ್ತಿದರೆ ರಂಧ್ರ, ಪಕ್ಕದಲ್ಲಿ ಎರಡು ಕುಣಿಕೆ ಸೇರಿಸಿ ಹೆಣೆದರೆ ಲೆಕ್ಕ ಸರಿ. ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗಿ ಕುಗ್ಗುವ ಗುಣವಿಲ್ಲ. ಭಾರಕ್ಕೆ ಉದ್ದ ಇಳಿಯುತ್ತದೆ. ಹಾಗಾಗಿ ಗಿಡ್ಡ ಮಾದರಿಗಳನ್ನು ಆರಿಸಿ, ಮಡಚಿ ಇಡಿ, ಹ್ಯಾಂಗರ್‌ಗೆ ನೇತುಹಾಕಬೇಡಿ.

ಕೈಯಲ್ಲಿ ಹೆಣೆಯುವವರಿಗೆ ವಾರಗಟ್ಟಲೆ ಸಮಯ ಬೇಕು. ಚಳಿ ಬಂದ ಮೇಲೆ ಶುರು ಮಾಡಿದರೆ ಸ್ವೆಟರ್ ಮುಗಿಯುವಾಗ ಸೆಕೆ ಬಂದಿರುತ್ತದೆ. ಚಳಿಗಾಲದ್ದನ್ನು ಬೇಸಿಗೆ ಮುಗಿಯುವ ಹೊತ್ತಿಗೇ ಕಡ್ಡಿಗೆ ಏರಿಸಿ. ನೂಲು ಕೊಳ್ಳುವಾಗ ಉಂಡೆಗೆ ಸುತ್ತಿದ ಚೀಟಿಯಲ್ಲಿ ಬಣ್ಣದ ನಂಬರಿನ ಪಕ್ಕ ಲಾಟ್ ನಂಬರ್, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲಿನ ಗುರುತು, ಇರುತ್ತದೆ. ಎಲ್ಲ ಉಂಡೆಗೂ ಅದು ಒಂದೇ ಇರಲಿ. ಒಂದು ಉಂಡೆ ಜಾಸ್ತಿಯೇ ತಗೊಳ್ಳಿ. ಬೇರೆ ಲಾಟಿನ ಬಣ್ಣ ಅಂಗಡಿಯ ಬೆಳಕಿನಲ್ಲಿ ಒಂದೇ ಥರ ಕಂಡರೂ ಬಿಸಿಲಿಗೆ ಬಂದಾಗ ತೋಳು ಬೇರೆ, ಮೈ ಬೇರೆ ಅಂತ ಗೊತ್ತಾಗಿಬಿಡುತ್ತದೆ. ಉಳಿದ ಉಂಡೆಯನ್ನು ಚೀಟಿ ಸಮೇತ ಇಟ್ಟುಕೊಳ್ಳಿ, ಮೊಣಕೈ ಸವೆದಾಗ ರಿಪೇರಿಗೆ ಬೇಕಾಗುತ್ತದೆ.

ನಮಸ್ಕಾರ.