ಮುಗಿದದ್ದು ಮಾಯಾ ಅರಸರ ಲೆಕ್ಕ

ನಮಸ್ಕಾರ. ಇವತ್ತು ಮಾಯಾ ನಾಗರಿಕತೆಯ ಬಗ್ಗೆ ಮಾತಾಡೋಣ. ಏಲಿಯನ್‌ಗಳು ಬರುವುದಿಲ್ಲ, ಅದಕ್ಕಾಗಿ ಕಾಯುತ್ತಿದ್ದರೆ ಈಗಲೇ ಹೇಳಿಬಿಡುತ್ತೇನೆ.

2012ರ ಡಿಸೆಂಬರ್ 21 ನೆನಪಿದೆ ಅಲ್ವಾ? ಮಾಯಾ ಕ್ಯಾಲೆಂಡರ್ ಅವತ್ತಿಗೆ ಮುಗಿಯುತ್ತದೆ, ಪ್ರಳಯ ಅಂತ ಟಿವಿಯವರು ಎಷ್ಟು ದಿನ ಓಡಿಸಿದರು! 22ನೇ ತಾರೀಖು ಎಂದಿನಂತೆ ಬೆಳಗಾಯಿತು, ಎಲ್ಲರೂ ಮರೆತರು. ಪ್ರಳಯದ ಕಥೆ ಬಿಡಿ, ನನಗೆ ಸಿಟ್ಟು ಬರುವುದು ಇನ್ನೊಂದು ಮಾತಿಗೆ. ‘ನಿಗೂಢವಾಗಿ ಕಣ್ಮರೆಯಾದ ಮಾಯಾ ಜನಾಂಗ.’ ಇವತ್ತಿಗೂ ಯೂಟ್ಯೂಬ್ ತೆರೆದರೆ ದೊಡ್ಡ ಅಕ್ಷರದಲ್ಲಿ ಇದೇ ಕಾಣುತ್ತದೆ. ಆದರೆ ಗ್ವಾಟೆಮಾಲಾ, ದಕ್ಷಿಣ ಮೆಕ್ಸಿಕೊ, ಬೆಲೀಜ್‌ಗಳಲ್ಲಿ ಲಕ್ಷಾಂತರ ಮಾಯಾ ಜನ ಈಗಲೂ ಇದ್ದಾರೆ. ಸುಮಾರು 30 ಮಾಯಾ ಭಾಷೆಗಳು ಮನೆಮನೆಯಲ್ಲಿ ಬಳಕೆಯಲ್ಲಿವೆ. 1992ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ಟಾ ಮೆಂಚು ಗ್ವಾಟೆಮಾಲಾದ ಕಿಚೆ ಅನ್ನುವ ಮಾಯಾ ಪಂಗಡದ ಹೆಂಗಸು. ಕಣ್ಮರೆಯಾದವರು ಬಂದು ನೊಬೆಲ್ ತೆಗೆದುಕೊಂಡು ಹೋದರಾ?

ಹಾಗಾದರೆ ಕಾಣೆಯಾದವರು ಯಾರು? ಅರಸರು. ಅದು ಗೊತ್ತಾಗಬೇಕಾದರೆ ಅವರ ಕ್ಯಾಲೆಂಡರ್ ನೋಡಬೇಕು.

ಮಾಯಾ ಜನರಿಗೆ ಒಂದಲ್ಲ, ಹಲವು ಎಣಿಕೆಗಳಿದ್ದವು. ಮೊದಲನೆಯದು 260 ದಿನದ್ದು. 1ರಿಂದ 13ರವರೆಗಿನ ಅಂಕಿಗಳು ಒಂದು ಕಡೆ, 20 ದಿನಗಳ ಹೆಸರು ಇನ್ನೊಂದು ಕಡೆ. ಎರಡೂ ಜೊತೆಯಾಗಿ ಸಾಗುತ್ತವೆ, ಅದೇ ಅಂಕಿ ಅದೇ ಹೆಸರು ಮತ್ತೆ ಸೇರುವುದಕ್ಕೆ 260 ದಿನ ಬೇಕು. ಎರಡನೆಯದು 365 ದಿನದ ವರ್ಷ. 20 ದಿನದ 18 ತಿಂಗಳು, ಕೊನೆಯಲ್ಲಿ ಉಳಿಯುವ 5 ದಿನ ಅಶುಭ. ಈ ಎರಡೂ ಎಣಿಕೆ ಹೊರಟಲ್ಲಿಗೇ ಬಂದು ಸೇರುವುದು 52 ವರ್ಷಕ್ಕೆ. ನಮ್ಮ ಪ್ರಭವ, ವಿಭವ ಸಂವತ್ಸರಗಳು 60 ವರ್ಷಕ್ಕೆ ತಿರುಗಿ ಬರುತ್ತವಲ್ಲ, ಹಾಗೆ. ಒಬ್ಬ ಮನುಷ್ಯನ ಬದುಕಿಗೆ ಇಷ್ಟು ಸಾಕು.

ಅರಸನಿಗೆ ಸಾಲದು. ‘ನನ್ನ ಮುತ್ತಜ್ಜ ಇಂಥ ದಿನ ಪಟ್ಟಕ್ಕೆ ಬಂದ, ನಾನು ಇಂಥ ದಿನ ಶತ್ರುವನ್ನು ಹಿಡಿದೆ’ ಅಂತ ಕಲ್ಲಿನಲ್ಲಿ ಕೆತ್ತಿಸುವವನಿಗೆ ತಿರುಗಿ ತಿರುಗಿ ಬರುವ ದಿನ ಪ್ರಯೋಜನವಿಲ್ಲ. ಅದಕ್ಕೆ ಮೂರನೆಯ ಎಣಿಕೆ. ಕ್ರಿ.ಪೂ. 3114ರ ಆಗಸ್ಟ್‌ನ ಒಂದು ದಿನದಿಂದ ಇವತ್ತಿಗೆ ಎಷ್ಟು ದಿನವಾಯಿತು ಅನ್ನುವ ಉದ್ದದ ಲೆಕ್ಕ ಅದು. ಅದರಲ್ಲಿ 1,44,000 ದಿನದ ದೊಡ್ಡ ಕಂತುಗಳು. ಅಂಥ 13 ಕಂತು ಮುಗಿದದ್ದು 2012ರ ಡಿಸೆಂಬರ್‌ನಲ್ಲಿ, ಅಷ್ಟೇ. ಪಾಲೆಂಕೆ ಅನ್ನುವ ಮಾಯಾ ನಗರದ ಶಾಸನವೊಂದು ಅಲ್ಲಿನ ಪಕಾಲ್ ಅರಸನ ಪಟ್ಟಾಭಿಷೇಕದ ನೆನಪನ್ನು ಕ್ರಿ.ಶ. 4772ರವರೆಗೆ ಎಳೆದುಕೊಂಡು ಹೋಗಿದೆ. 2012ಕ್ಕೆ ಲೋಕ ಮುಳುಗುತ್ತದೆ ಅಂದುಕೊಂಡವರು ಹೀಗೆ ಬರೆಸುತ್ತಾರಾ?

ಇಲ್ಲೊಂದು ವಾಟ್ಸಾಪ್ ಸಂಶೋಧನೆ ಇದೆ. ನಮ್ಮ ಕಲಿಯುಗ ಶುರುವಾದದ್ದು ಕ್ರಿ.ಪೂ. 3102, ಅವರದು 3114, ಬರೀ 12 ವರ್ಷ ವ್ಯತ್ಯಾಸ, ಹಾಗಾದರೆ ಅವರೂ ನಮ್ಮವರೇ! ಎರಡೂ ಆಮೇಲೆ ಬಂದ ಪಂಡಿತರು ಹಿಂದಕ್ಕೆ ಲೆಕ್ಕ ಹಾಕಿ ಇಟ್ಟ ದಿನಗಳು ಸ್ವಾಮಿ. ಮಧ್ಯ ಅಮೆರಿಕದಲ್ಲಿ ಈ ಉದ್ದದ ಲೆಕ್ಕದ ಶಾಸನಗಳು ಸಿಗುವುದೇ ಕ್ರಿ.ಪೂ. ಒಂದನೇ ಶತಮಾನದಿಂದ ಈಚೆಗೆ.

ಸರಿ, ಪತನಕ್ಕೆ ಬರೋಣ. ಕ್ರಿ.ಶ. 800ರ ಆಸುಪಾಸಿನಿಂದ ದಕ್ಷಿಣದ ಮಾಯಾ ನಗರಗಳಲ್ಲಿ ಶಾಸನದ ಕಲ್ಲುಗಳು ಒಂದೊಂದಾಗಿ ನಿಲ್ಲುತ್ತವೆ. ಕೊಪಾನ್‌ನಲ್ಲಿ ಕೊನೆಯದು 822. ಆ ಕಲ್ಲು ನೋಡಬೇಕು. ಒಂದು ಬದಿಯಲ್ಲಿ ಹೊಸ ಅರಸ ಕೂತಿದ್ದಾನೆ, ಇನ್ನೊಂದು ಬದಿಯ ಕೆತ್ತನೆ ಶುರುವಾಗಿ ಅಲ್ಲಿಗೇ ನಿಂತಿದೆ, ಮಿಕ್ಕ ಎರಡು ಬದಿ ಖಾಲಿ. ಕೆತ್ತುವವನು ಉಳಿ ಇಟ್ಟು ಹೋದವನು ಮತ್ತೆ ಬರಲಿಲ್ಲ. ತಿಕಾಲ್‌ನ ಕೊನೆಯ ಕಲ್ಲು 869ರದು. ಎಲ್ಲಕ್ಕಿಂತ ಕೊನೆಗೆ ಟೋನಿನಾದಲ್ಲಿ, 909. ಅಲ್ಲಿಗೆ ಉದ್ದದ ಲೆಕ್ಕ ಬರೆಸುವವರೇ ಇಲ್ಲವಾದರು.

ಯಾಕೆ ಹೀಗಾಯಿತು ಅಂದರೆ ಈಗ ಎಲ್ಲರೂ ಬರ ಅನ್ನುತ್ತಾರೆ. ಬರ ಇತ್ತು, ಅನುಮಾನವೇ ಇಲ್ಲ. ಮೆಕ್ಸಿಕೊದ ಯುಕಟಾನ್‌ನ ಚಿಚಂಕನಾಬ್ ಕೆರೆಯ ಹೂಳನ್ನು ಪರೀಕ್ಷೆ ಮಾಡಿ 2018ರಲ್ಲಿ ಬಂದ ಅಧ್ಯಯನದ ಪ್ರಕಾರ ಆ ಕಾಲದಲ್ಲಿ ಮಳೆ ಈಗಿನದಕ್ಕಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹತ್ತಿರದಲ್ಲಿ ನದಿ ಇಲ್ಲದ ತಿಕಾಲ್ ಬದುಕಿದ್ದೇ ಕಟ್ಟೆ ಕಟ್ಟಿ ಹಿಡಿದಿಟ್ಟ ಮಳೆನೀರಿನಿಂದ. ಅರಮನೆಯ ಪಕ್ಕದ ಆ ಕಟ್ಟೆಗಳ ಹೂಳಿನಲ್ಲಿ ಪಾದರಸ ಸಿಕ್ಕಿದೆ, ವಿಷಪಾಚಿಯ ಗುರುತೂ ಸಿಕ್ಕಿದೆ. ಪಾದರಸ ಎಲ್ಲಿಂದ ಬಂತು? ಅರಮನೆ, ಗುಡಿಗಳಿಗೆ ಬಳಿಯುತ್ತಿದ್ದ ಕೆಂಪು ಬಣ್ಣದಿಂದ ಅಂತ ಸಂಶೋಧಕರ ಅಂದಾಜು. ವೈಭವಕ್ಕೆ ಬಳಿದ ಬಣ್ಣವೇ ಕುಡಿಯುವ ನೀರಿಗೆ ಇಳಿಯುತ್ತಿತ್ತು.

ಆದರೂ ಬರೀ ಬರ ಅಂದರೆ ನಾನು ಒಪ್ಪುವುದಿಲ್ಲ. ಉತ್ತರದ ಯುಕಟಾನ್ ಮೊದಲಿಂದಲೂ ಹೆಚ್ಚು ಒಣ ಸೀಮೆ. ದಕ್ಷಿಣ ಬೀಳುತ್ತಿದ್ದ ಕಾಲಕ್ಕೆ ಅಲ್ಲಿ ಚಿಚೆನ್ ಇಟ್ಜಾ ಬೆಳೆಯುತ್ತಿತ್ತು. ಅದಕ್ಕೂ ಬರದ ಏಟು ಬಿತ್ತು, ಆದರೆ ಆಮೇಲೆ. ಇತ್ತ ದೋಸ್ ಪಿಲಾಸ್ ಅನ್ನುವ ಊರಿನಲ್ಲಿ ಅರಸರ ಆಟ ಮುಗಿದದ್ದು 761ರಲ್ಲಿ, ದೊಡ್ಡ ಬರಕ್ಕೆ ಮೊದಲೇ. ಶತ್ರುಗಳು ಬಂದಾಗ ಅಲ್ಲಿನ ಜನ ಏನು ಮಾಡಿದರು ಗೊತ್ತಾ? ಅರಮನೆ, ಗುಡಿಗಳ ಕಲ್ಲನ್ನೇ ಕಿತ್ತು ಅಡ್ಡಗೋಡೆ ಕಟ್ಟಿಕೊಂಡರು. ಆ ಗೋಡೆ ಅರಸರ ಶಾಸನದ ಮೆಟ್ಟಿಲುಗಳ ಮೇಲೆಯೇ ಹಾದುಹೋಗಿದೆ.

ನನ್ನ ಅಭಿಪ್ರಾಯ ಇಷ್ಟು. ಆ ಅರಸರು ದೇವರ ಜೊತೆ ಮಾತಾಡುವವರು ನಾವೇ, ಮಳೆ ಬೆಳೆ ನಮ್ಮಿಂದಲೇ ಅಂತ ಹೇಳಿಕೊಂಡು ಜನರಿಂದ ಮೆಕ್ಕೆಜೋಳ ತೆಗೆದುಕೊಂಡರು, ಕಲ್ಲು ಹೊರಿಸಿದರು, ಯುದ್ಧಕ್ಕೆ ಎಳೆದುಕೊಂಡು ಹೋದರು. ಮಳೆ ನಿಂತ ಮೇಲೆ ಆ ಮಾತನ್ನು ಯಾರು ನಂಬುತ್ತಾರೆ? ಜನ ಎದ್ದು ನಡೆದರು. ಎಲ್ಲರೂ ಸುಖವಾಗಿ ಗಂಟುಮೂಟೆ ಕಟ್ಟಿಕೊಂಡು ಹೋದರು ಅನ್ನುತ್ತಿಲ್ಲ. ಹಸಿವು, ಯುದ್ಧದಲ್ಲಿ ಸತ್ತವರೂ ಬಹಳ ಜನ. ಆದರೆ ಉಳಿದವರು ಬೇರೆ ಕಡೆ ಊರು ಕಟ್ಟಿದರು. ಕೊನೆಯ ಸ್ವತಂತ್ರ ಮಾಯಾ ರಾಜಧಾನಿ ನೊಹ್ಪೆಟೆನ್ ಸ್ಪೇನ್‌ನವರ ಕೈಗೆ ಬಿದ್ದದ್ದು 1697ರಲ್ಲಿ! ‘ಕಣ್ಮರೆ’ಯಾಗಿ ಸುಮಾರು 800 ವರ್ಷದ ಮೇಲೆ.

ಅದರ ನಡುವೆ 1562ರಲ್ಲಿ ಮಾನಿ ಅನ್ನುವ ಊರಿನಲ್ಲಿ ಡಿಯೆಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟ. ಈಗ ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು. ಇಷ್ಟೆಲ್ಲ ಆದರೂ 260 ದಿನದ ಎಣಿಕೆ ತಪ್ಪಿಲ್ಲ. ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ದಿನ ನೋಡಿ ಹೇಳುವವರು ಈಗಲೂ ಇದ್ದಾರೆ. ಮೊಮೊಸ್ಟೆನಾಂಗೊದಲ್ಲಿ 260 ದಿನಕ್ಕೊಮ್ಮೆ ದೊಡ್ಡ ಪೂಜೆ ನಡೆಯುತ್ತದೆ, ಹೊಸಬರಿಗೆ ದೀಕ್ಷೆ ಕೊಡುತ್ತಾರೆ. ಅದಕ್ಕೆ ಅರಮನೆ ಬೇಕಿರಲಿಲ್ಲ, ಅದಕ್ಕೇ ಉಳಿಯಿತು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಕಣ್ಮರೆಯಾದರು ಅನ್ನುವ ಮಾತು ಸುಮ್ನೆ ಮಾತಲ್ಲ. 1960ರಿಂದ 1996ರವರೆಗೆ ಗ್ವಾಟೆಮಾಲಾದಲ್ಲಿ ಅಂತರ್ಯುದ್ಧ ನಡೆಯಿತು. ಸತ್ತವರು, ನಾಪತ್ತೆಯಾದವರು 2 ಲಕ್ಷಕ್ಕೂ ಜಾಸ್ತಿ ಅಂತ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಗುರುತು ಸಿಕ್ಕವರಲ್ಲಿ ಶೇಕಡಾ 83ರಷ್ಟು ಮಾಯಾ ಜನ. ಹಳೆಯ ಮಾಯಾ ಪಿರಮಿಡ್ ನೋಡಲು ಪ್ರವಾಸಿಗರು ಬರುತ್ತಿದ್ದ ದೇಶದಲ್ಲೇ ಇದು ನಡೆದದ್ದು.

ಪ್ರಳಯದ ಗಲಾಟೆ ಮುಗಿದು ಮೂರು ತಿಂಗಳಿಗೆ, 2013ರ ಮಾರ್ಚ್‌ನಲ್ಲಿ, ಮಾಜಿ ಸೇನಾ ಆಡಳಿತಗಾರ ರಿಯೊಸ್ ಮೊಂಟ್ ಮೇಲೆ ವಿಚಾರಣೆ ಶುರುವಾಯಿತು. ಆ ಯುದ್ಧದ ಕಾಲದಲ್ಲಿ ಇಶಿಲ್ ಅನ್ನುವ ಮಾಯಾ ಪಂಗಡದ 1,771 ಜನರ ಕೊಲೆಯ ಆರೋಪ. ಇಶಿಲ್ ಹೆಂಗಸರು ಕೋರ್ಟಿಗೆ ಬಂದು ತಮ್ಮ ಮೇಲೆ ನಡೆದದ್ದನ್ನು ಬಾಯಿಬಿಟ್ಟು ಹೇಳಿದರು. ಮೇ 10ರಂದು 80 ವರ್ಷ ಶಿಕ್ಷೆಯಾಯಿತು. ಹತ್ತೇ ದಿನಕ್ಕೆ ಸಂವಿಧಾನ ಕೋರ್ಟ್ ಅದನ್ನು ರದ್ದು ಮಾಡಿತು. ಮರುವಿಚಾರಣೆ ಮುಗಿಯುವ ಮೊದಲೇ, 2018ರ ಏಪ್ರಿಲ್‌ನಲ್ಲಿ, ಅವನು ಸತ್ತ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೋರ್ಟ್ ತೀರ್ಪು ಕೊಟ್ಟಿತು: ಇಶಿಲ್ ಜನರ ನರಮೇಧ ನಡೆದದ್ದು ನಿಜ, ಆದರೆ ಕಟಕಟೆಯಲ್ಲಿ ಉಳಿದಿದ್ದ ಅವನ ಗುಪ್ತಚರ ಮುಖ್ಯಸ್ಥ ತಪ್ಪಿತಸ್ಥನಲ್ಲ.