ಎಡಗೈ ನೋಡಲು ಬಂದವರು

ನಮಸ್ಕಾರ. ಮುಂದಿನ ಸಾಲಿನಲ್ಲಿ ಇನ್ನೂ ಜಾಗ ಇದೆ. ಹಿಂದೆ ನಿಂತವರು ಬಂದು ಕೂತುಕೊಳ್ಳಬಹುದು, ನಾನು ಪ್ರಶ್ನೆಗಿಶ್ನೆ ಕೇಳುವುದಿಲ್ಲ.

ರೇಡಿಯೋದಿಂದ ಶುರು ಮಾಡುತ್ತೇನೆ. 'ಆಕಾಶವಾಣಿ' ಎಂಬ ಹೆಸರು ಹೊತ್ತ ಬಾನುಲಿ ಕೇಂದ್ರ ಮೊದಲು ದನಿ ಎತ್ತಿದ್ದು ಇದೇ ಮೈಸೂರಿನಲ್ಲಿ, 1935ರಲ್ಲಿ, ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ. ನಾನು ಹುಡುಗನಾಗಿದ್ದಾಗ ಮಂಡ್ಯದ ನಮ್ಮ ಮನೆಯಲ್ಲಿ ಹಿಡಿಯುತ್ತಿದ್ದದ್ದೂ ಮೈಸೂರು ಸ್ಟೇಷನ್ನೇ. ರಾತ್ರಿ ಕಚೇರಿ ಮುಗಿದರೆ ಉದ್ಘೋಷಕರು ಸಾಲಾಗಿ ಹೇಳುತ್ತಿದ್ದರು: ಹಾಡುಗಾರಿಕೆ ಇಂಥವರು, ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು, ಘಟದಲ್ಲಿ ಇಂಥವರು. ಎಲ್ಲರಿಗೂ ಒಂದೇ ದನಿ, ಒಂದೇ ಮರ್ಯಾದೆ. ಮಾರನೆಯ ದಿನ ಚಿತ್ರಗೀತೆ ಬಂದಾಗ ಚಿತ್ರದ ಹೆಸರು, ಬರೆದವರು, ಸಂಗೀತ ಕೊಟ್ಟವರು, ಹಾಡಿದವರು, ಅಲ್ಲಿಗೆ ಮುಗಿಯಿತು. ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚೆ ಒಂದು ಗಿಟಾರು ಬಂದು ಮೈ ಜುಮ್ಮೆನಿಸಿ ಹೋಗಿರುತ್ತಿತ್ತಲ್ಲ, ಅದು ಯಾರದು? ಒಮ್ಮೆ ಅಪ್ಪನನ್ನು ಕೇಳಿದೆ. "ಬ್ಯಾಂಡಿನೋರು ಕಣ್ಲಾ" ಅಂದರು.

ಇವತ್ತು ಆ ಬ್ಯಾಂಡಿನವರ ಪೈಕಿ ಒಬ್ಬರ ಬಗ್ಗೆ ಮಾತಾಡುತ್ತೇನೆ. ನಿಜ ಹೇಳಬೇಕೆಂದರೆ ಅವರಿಗಿಂತ ಹೆಚ್ಚಾಗಿ, ಅವರ ಹಿಂದೆ ಬಿದ್ದ ನಮ್ಮಂಥವರ ಬಗ್ಗೆ.

ಸೆಷನ್ ಗಿಟಾರಿಸ್ಟ್ ಅಂದರೆ ಯಾರು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಹಾಡು ಬೇರೆಯವರದು, ಹೆಸರು ಬೇರೆಯವರದು. ಇವರನ್ನು ಇಷ್ಟು ಗಂಟೆಗೆ ಇಷ್ಟು ದುಡ್ಡು ಎಂದು ಕರೆಸುತ್ತಾರೆ. ಬರಬೇಕು, ಶ್ರುತಿ ಮಾಡಿಕೊಳ್ಳಬೇಕು, ಮುಂದಿಟ್ಟ ಕಾಗದ ಓದಿ ನುಡಿಸಬೇಕು, ಕವರ್ ತಗೊಂಡು ಹೊರಡಬೇಕು. ಕನ್ನಡದ ಹಾಡುಗಳೆಲ್ಲ ಮದರಾಸಿನಲ್ಲಿ ಧ್ವನಿಮುದ್ರಣವಾಗುತ್ತಿದ್ದ ಕಾಲದಲ್ಲಿ ಇದು ಇನ್ನೂ ಕಷ್ಟದ ಕೆಲಸ. ಗಾಯಕರು, ಪಿಟೀಲಿನ ತಂಡ, ತಬಲಾ, ಗಿಟಾರು, ಎಲ್ಲರೂ ಒಟ್ಟಿಗೇ ನುಡಿಸಬೇಕು, ಒಂದೇ ಟೇಕ್‌ನಲ್ಲಿ ಹಾಡು ಮುಗಿಯಬೇಕು. ಕೊನೆಯ ಚರಣದಲ್ಲಿ ಗಿಟಾರಿನವನ ಬೆರಳು ಜಾರಿದರೆ ಮೂವತ್ತು ನಲವತ್ತು ಜನ ಮತ್ತೆ ಮೊದಲಿಂದ. ಆಗ ಸುತ್ತಲಿನವರು ಅವನನ್ನು ನೋಡುವ ನೋಟ ಹೇಗಿರುತ್ತದೆ ಎಂದು ನೀವೇ ಊಹಿಸಿಕೊಳ್ಳಿ.

ಇಳಯರಾಜ ಆ ಕೋಣೆಗಳಿಂದಲೇ ಬಂದವರು. ಅವರ ಮೊದಲ ಚಿತ್ರ ಬಂದದ್ದು 1976ರಲ್ಲಿ. ಅದಕ್ಕೂ ಮೊದಲು ಅವರು ಮದರಾಸಿನಲ್ಲಿ ಇನ್ನೊಬ್ಬರ ಹಾಡಿಗೆ ಗಿಟಾರು ನುಡಿಸುತ್ತಿದ್ದರು, ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದರು. ಆ ಕಾಲದ ಯಾವ ಕನ್ನಡ ಹಾಡಿನ ತಟ್ಟೆಯ ಹೊದಿಕೆಯನ್ನು ತಿರುಗಿಸಿ ನೋಡಿದರೂ ಗಿಟಾರು ಇಂಥವರದು ಎಂಬ ಸಾಲು ಸಾಮಾನ್ಯವಾಗಿ ಸಿಗುವುದಿಲ್ಲ. ಹೊದಿಕೆಯಲ್ಲಿ ನಾಯಕಿಯ ಫೋಟೋಗೆ ಜಾಗ ಬೇಕಿತ್ತು, ಬಿಡಿ.

ಈಗ ನಮ್ಮವರ ಕಥೆ. ಹೆಸರು ಹೇಳಬಾರದು ಎಂದು ಅವರೇ ಅಪ್ಪಣೆ ಮಾಡಿದ್ದಾರೆ, ಆದ್ದರಿಂದ ಬರೀ ಅಣ್ಣ ಎನ್ನುತ್ತೇನೆ. ಮಂಡ್ಯದಲ್ಲಿ ಗಣಪತಿ ಕೂರಿಸಿದರೆ ಆರ್ಕೆಸ್ಟ್ರಾ ಇರಲೇಬೇಕು. ಪೇಟೆಯಲ್ಲೂ ಇತ್ತು, ಕಬ್ಬಿನ ಗದ್ದೆ ದಾಟಿ ಹೋಗುವ ಹಳ್ಳಿಗಳಲ್ಲೂ ಇತ್ತು. ಜನರೆಲ್ಲ ಬರುತ್ತಿದ್ದದ್ದು ರಾಜ್‌ಕುಮಾರ್ ದನಿಯಲ್ಲಿ ಹಾಡುವವನನ್ನು ಕೇಳಲು, ಶಿಳ್ಳೆ ಹೊಡೆಯಲು, "ಒನ್ಸ್ ಮೋರ್" ಎಂದು ಕೂಗಲು. ನಾವು ಐದಾರು ಹುಡುಗರು ಮಾತ್ರ ವೇದಿಕೆಯ ಬಲಪಕ್ಕದ ಕಂಬದ ಹತ್ತಿರ ಕತ್ತು ಚಾಚಿಕೊಂಡು ನಿಲ್ಲುತ್ತಿದ್ದೆವು. ಅಲ್ಲಿಂದ ಗಾಯಕ ಸರಿಯಾಗಿ ಕಾಣುತ್ತಿರಲಿಲ್ಲ. ಅಣ್ಣನ ಎಡಗೈ ಕಾಣುತ್ತಿತ್ತು.

ಗಿಟಾರಿನಲ್ಲಿ ಯಾವ ಕಾರ್ಡ್, ಅಂದರೆ ಯಾವ ಸ್ವರಗಳು ಒಟ್ಟಿಗೆ ನುಡಿಯಬೇಕು, ಎಂದು ಹೇಳುವುದು ಎಡಗೈ. ಆಗ ಪುಸ್ತಕ ಸಿಗುತ್ತಿರಲಿಲ್ಲ, ಮೇಷ್ಟ್ರು ಇರಲಿಲ್ಲ, ಯೂಟ್ಯೂಬ್ ಕೇಳಲೇಬೇಡಿ. ಕದ್ದು ನೋಡಿ ಕಲಿಯಬೇಕು. ಹಾಗಾಗಿ ಕೆಲವು ಗಿಟಾರಿಸ್ಟುಗಳು ಒಳ್ಳೆಯ ಜಾಗ ಬಂತೆಂದರೆ ಸರಕ್ಕನೆ ಬೆನ್ನು ತಿರುಗಿಸುತ್ತಿದ್ದರು. ಹೊಟ್ಟೆಪಾಡು, ತಪ್ಪು ಎನ್ನಲಾರೆ. ಅಣ್ಣ ಒಂದು ರಾತ್ರಿ ನಮ್ಮನ್ನು ಗಮನಿಸಿದರು. ನಮಗೆ ಹೆದರಿಕೆ. ಮುಂದಿನ ಹಾಡಿಗೆ ಅವರು ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ನಮ್ಮ ಕಡೆಗೇ ತಿರುಗಿ ಕೂತರು. ಆ ಹಾಡು ಮುಗಿಯುವವರೆಗೂ ಜನಕ್ಕೆ ಅವರ ಮುಖ ಕಾಣಲಿಲ್ಲ, ನಮಗೆ ಆರು ತಂತಿಯೂ ಕಂಡವು. ಕಾರ್ಯಕ್ರಮ ಮುಗಿದ ಮೇಲೆ ವೈರು ಸುತ್ತುತ್ತಾ, "ಆ ಎಫ್ ಮೇಜರ್ ಕೈಗೆ ಕೂತ್ಕತ್ತಾ ಇಲ್ವೇನ್ಲಾ? ಹೆಬ್ಬೆಟ್ಟು ಹಿಂದಿಂದ ಒತ್ತಬ್ಯಾಡ, ಮೊಣಕೈ ಎಳ್ಕೊ" ಅಂದರು. ಗಿಟಾರು ಹಿಡಿದವರಿಗೆ ಗೊತ್ತು, ಆ ಒಂದು ಕಾರ್ಡ್ ಎಷ್ಟು ಜನರನ್ನು ವಾದ್ಯ ಬಿಡಿಸಿದೆ ಎಂದು. ನಾನು ಬಿಡಲಿಲ್ಲ. ಆಮೇಲೆ ಹನ್ನೊಂದು ವರ್ಷ ಆರ್ಕೆಸ್ಟ್ರಾದಲ್ಲಿ ರಿದಮ್ ಗಿಟಾರು ನುಡಿಸಿದೆ. ದೊಡ್ಡ ವಾದಕನೇನೂ ಆಗಲಿಲ್ಲ, ಬ್ಯಾಂಕು ಸೇರಿದೆ.

ಅಣ್ಣ ಬೆಂಗಳೂರಿಗೆ ಹೋಗಿ ಸೆಷನ್ ಹಿಡಿದರು. ನಾವು ಹುಡುಗರು ಕ್ಯಾಸೆಟ್ ಕೇಳಿ ಅವರನ್ನು ಹುಡುಕುವ ಆಟ ಶುರುವಾದದ್ದು ಅಲ್ಲಿಂದ. ಭಾವಗೀತೆ, ಭಕ್ತಿಗೀತೆ, ಜಾಹೀರಾತು, ಏನೇ ಬರಲಿ. "ಇದು ಅಣ್ಣ." "ಅಲ್ಲ." "ಆ ತಂತಿ ಬಿಟ್ಟ ಜಾಗ ನೋಡು, ಅಣ್ಣನೇ."

ತಂತಿ ಬಿಟ್ಟ ಜಾಗ. ನನ್ನ ಮಾತೆಲ್ಲ ಇರುವುದು ಇಲ್ಲಿ. ಸಿನಿಮಾ ನಾಯಕನ ಅಭಿಮಾನಿ ಅವನು ಮಾಡಿದ್ದನ್ನು ಮೆಚ್ಚುತ್ತಾನೆ. ಸೆಷನ್ ಗಿಟಾರಿಸ್ಟನ ಅಭಿಮಾನಿ ಮೆಚ್ಚುವುದು, ಬಹಳ ಸಲ, ಅವನು ಮಾಡದೆ ಬಿಟ್ಟದ್ದನ್ನು. ಗಾಯಕಿ ಒಂದು ಅಕ್ಷರವನ್ನು ಎಳೆಯುತ್ತಿದ್ದಾರೆ, ಅಲ್ಲಿ ಒಂದು ಸಣ್ಣ ತುಣುಕು ಹಾಕಬಹುದಿತ್ತು, ಕೈಯಲ್ಲಿ ತಾಕತ್ತೂ ಇತ್ತು. ಹಾಕಲಿಲ್ಲ. ಬರೀ ಅಂಗೈಯಿಂದ ತಂತಿ ಮುಚ್ಚಿ ಚಿಕ್ ಚಿಕ್ ಎಂದು ಲಯ ಇಟ್ಟುಕೊಂಡು ಕಾದರು. ಇದನ್ನು ಮೆಚ್ಚಬೇಕಾದರೆ ಕೇಳುವವನಿಗೂ ಕಿವಿ ತಯಾರಾಗಬೇಕು. ಮೈಸೂರಿನವರಿಗೆ ಇದು ಹೊಸದಲ್ಲ. ವೀಣೆ ಶೇಷಣ್ಣನವರ ಊರಿನಲ್ಲಿ ಒಂದು ಮೀಟಿಗೂ ಇನ್ನೊಂದು ಮೀಟಿಗೂ ನಡುವಿನ ನಾದವನ್ನು ಕೇಳುವವರು ಮೊದಲಿಂದ ಇದ್ದಾರೆ.

ಹೊರದೇಶದಲ್ಲೂ ಇಂಥ ಹುಚ್ಚರಿದ್ದಾರೆ ಎಂದು ತಡವಾಗಿ ಗೊತ್ತಾಯಿತು. ಲಾಸ್ ಏಂಜಲೀಸಿನಲ್ಲಿ ಟಾಮಿ ಟೆಡೆಸ್ಕೊ ಎಂಬುವರಿದ್ದರು, 1930ರಿಂದ 1997. ಸಿನಿಮಾ, ಟಿ.ವಿ., ಹಾಡಿನ ತಟ್ಟೆ ಎಂದು ಅವರು ನುಡಿಸದ ಕಡೆ ಇಲ್ಲ. ಮ್ಯಾಂಡೊಲಿನ್ ಬೇಕು, ಬ್ಯಾಂಜೊ ಬೇಕು ಎಂದು ಕರೆದರೆ ಹೂಂ ಎನ್ನುತ್ತಿದ್ದರು. ಗುಟ್ಟೇನೆಂದರೆ, ಯಾವ ವಾದ್ಯವನ್ನಾದರೂ ಗಿಟಾರಿನ ಶ್ರುತಿಗೇ ತಿರುಗಿಸಿಕೊಂಡು ನುಡಿಸಿಬಿಡುತ್ತಿದ್ದರು! ಸ್ಪೀಕರಿನಲ್ಲಿ ಕೇಳುವವನಿಗೆ ಬೇಕಾದದ್ದು ಮ್ಯಾಂಡೊಲಿನ್ನಿನ ಬಣ್ಣ, ಅದು ಸಿಗುತ್ತಿತ್ತು. ನಮ್ಮ ಅಣ್ಣನೂ ಇದೇ ಪಂಗಡ. ಗಾಯಕನಿಗೆ ನೆಗಡಿಯಾಗಿ ಶ್ರುತಿಯನ್ನು "ಅರ್ಧ ಮನೆ ಇಳಿಸಿ" ಎಂದರೆ ಕೀಬೋರ್ಡಿನವನು ಮುಖ ಸಿಂಡರಿಸುವ ಮುಂಚೆ ಇವರು ಇಳಿಸಿಕೊಂಡು ಕೂತಿರುತ್ತಿದ್ದರು. ಅಮೆರಿಕದ ನ್ಯಾಶ್‌ವಿಲ್‌ನ ವಾದಕರು ಇದಕ್ಕೆಂದೇ ಕಾರ್ಡುಗಳ ಹೆಸರು ಬರೆಯದೆ ಒಂದು, ನಾಲ್ಕು, ಐದು ಎಂದು ಅಂಕಿ ಬರೆದುಕೊಳ್ಳುವ ಪದ್ಧತಿ ಮಾಡಿಕೊಂಡಿದ್ದಾರೆ. ಶ್ರುತಿ ಎಲ್ಲಿಗೆ ಹೋದರೂ ಅದೇ ಚೀಟಿ ನಡೆಯುತ್ತದೆ. ಸ ರಿ ಗ ಮ ಬರೆಯುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ, ನಮ್ಮ ಷಡ್ಜವನ್ನೂ, ಅಂದರೆ 'ಸ'ವನ್ನೂ, ಎಲ್ಲಿ ಬೇಕಾದರೂ ಇಡಬಹುದಲ್ಲ.

ಟೆಡೆಸ್ಕೊ ಅವರಿಗೆ ಕಾಯಿಲೆ ಎಂದು ಗೊತ್ತಾದಾಗ ಮಗ ಕ್ಯಾಮೆರಾ ಹಿಡಿದು ಅಪ್ಪನ ಮೇಲೆ, ಅಪ್ಪನ ಜೊತೆ ನುಡಿಸಿದವರ ಮೇಲೆ ಸಾಕ್ಷ್ಯಚಿತ್ರ ಶುರು ಮಾಡಿದರು. 2008ರಲ್ಲಿ ಚಿತ್ರ ಮುಗಿಯಿತು, ಬಿಡುಗಡೆ ಮಾಡಲಾಗಲಿಲ್ಲ. ಏಕೆಂದರೆ ಅಪ್ಪ ನುಡಿಸಿದ ಹಾಡುಗಳನ್ನು ಚಿತ್ರದಲ್ಲಿ ಕೇಳಿಸಲು ಕಂಪನಿಗಳಿಗೆ ಹಣ ಕಟ್ಟಬೇಕಿತ್ತು! ನುಡಿಸಿದವನ ಮಗ, ಅಪ್ಪನ ಬೆರಳ ಸದ್ದಿಗೆ ಬಾಡಿಗೆ ಕೊಡಬೇಕು. ಕೊನೆಗೆ ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಚಂದಾ ಎತ್ತಿದರು. 2015ರಲ್ಲಿ ಚಿತ್ರ ತೆರೆಗೆ ಬಂತು. ಅಭಿಮಾನ ಅಂದರೆ ಕಟೌಟಿಗೆ ಹಾಲು ಎರೆಯುವುದಷ್ಟೇ ಎಂದುಕೊಂಡಿದ್ದ ನನಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು. ಹಾಲು ಎರೆದವನೂ ನಾನೇ, ಅದನ್ನೂ ಹೇಳಿಬಿಡುತ್ತೇನೆ.

ಹಾಗೆಂದು ಹಿನ್ನೆಲೆಯವನು ಹಿಂದೆಯೇ ಇರಬೇಕು ಎಂದು ನಮ್ಮ ಸೀಮೆಯಲ್ಲಿ ಯಾರೂ ಕಟ್ಟಳೆ ಮಾಡಿರಲಿಲ್ಲ. ಪಿಟೀಲು ಚೌಡಯ್ಯನವರನ್ನು ನೋಡಿ. ಇಲ್ಲೇ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತವರು. ಪಕ್ಕವಾದ್ಯದವರು. ಮೈಕಿಲ್ಲದ ಕಾಲದ ಸಭೆಯಲ್ಲಿ ಹಿಂದೆ ಕೂತವರಿಗೂ ಕೇಳಲಿ ಎಂದು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಅವರ ಹೆಸರಿನಲ್ಲಿದೆ. ಪಕ್ಕದಲ್ಲಿ ಕೂತವರಿಗೂ ತನಿ ಆವರ್ತನ, ಅಂದರೆ ಅವರೇ ನುಡಿಸಿ ತೋರಿಸುವ ಸರದಿ, ಬಿಟ್ಟುಕೊಡುವ, ಕರಪತ್ರದಲ್ಲಿ ಹೆಸರು ಅಚ್ಚು ಹಾಕಿಸುವ ಪದ್ಧತಿ ನಮ್ಮ ಕಚೇರಿಗೆ ಇತ್ತು. ಸ್ಟುಡಿಯೋದ ಬಾಗಿಲು ದಾಟುವಾಗ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟೆವು.

ಅಭಿಮಾನಿಗಳ ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಅಣ್ಣ ಬೈಯುತ್ತಾರೆ. ಹೆಸರು ಎಲ್ಲೂ ಬರೆದಿಲ್ಲದ ಕಡೆ ಅಭಿಮಾನಿ ತನಗೆ ಬೇಕಾದ ಹೆಸರು ಬರೆಯುತ್ತಾನೆ. ಹತ್ತು ವರ್ಷ ನಾವು ಒಂದು ಭಾವಗೀತೆಯ ಗಿಟಾರನ್ನು ಅಣ್ಣನದೇ ಎಂದು ಆಣೆ ಮಾಡಿ ಹೇಳಿಕೊಂಡು ತಿರುಗಿದೆವು. ಅದನ್ನು ತೋರಿಸಿ ಹೊಸ ಹುಡುಗರಿಗೆ ಪಾಠವನ್ನೂ ಹೇಳಿದೆವು. ಕೊನೆಗೆ ಒಂದು ಮದುವೆ ಊಟದಲ್ಲಿ ಅವರ ಪಕ್ಕ ಕೂತು ಕೇಳಿದರೆ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅದು ನಂದಲ್ಲ ಕಣಪ್ಪ, ನಂಗೆ ಅವತ್ತು ಜ್ವರ. ನನಗಿಂತ ಚೆನ್ನಾಗಿ ಬಾರ್ಸವ್ನೆ" ಅಂದರು. ಯಾರು ಎಂದು ಕೇಳಿದೆ. ಆ ಹುಡುಗನ ಹೆಸರು, ಅವನ ಊರು, ಅವನ ಗಿಟಾರಿಗೆ ಯಾವ ತಂತಿ ಹಾಕುತ್ತಿದ್ದ ಎಂಬುದು ಸಮೇತ ಹೇಳಿದರು. ತಮ್ಮ ಹೆಸರು ಬೇಡ ಎನ್ನುವ ಮನುಷ್ಯನಿಗೆ ಇನ್ನೊಬ್ಬನ ಹೆಸರು ಅಷ್ಟು ಅಚ್ಚುಕಟ್ಟಾಗಿ ನೆನಪಿತ್ತು.

ಇನ್ನೊಂದು ದೋಷ, ವೇಗದ ಹುಚ್ಚು. ಈಗಿನ ಹುಡುಗರು ಫೋನಿನಲ್ಲಿ ತೋರಿಸುತ್ತಾರೆ, "ಅಂಕಲ್, ನೋಡಿ ಎಷ್ಟು ಫಾಸ್ಟು." ಫಾಸ್ಟೇ, ಸರಿ. ಆದರೆ ಸೆಷನ್ನಿಗೆ ಮತ್ತೆ ಮತ್ತೆ ಕರೆ ಬರುವುದು ಅದಕ್ಕಲ್ಲ. ಹೇಳಿದ ಹೊತ್ತಿಗೆ ಬರುವವನಿಗೆ, ತಂತಿ ಹಳೆಯದಾಗಿದ್ದರೆ ಹಿಂದಿನ ರಾತ್ರಿಯೇ ಬದಲಿಸಿಕೊಂಡು ಬರುವವನಿಗೆ, ಸಂಗೀತ ನಿರ್ದೇಶಕರು "ಇದು ಬೇಡ" ಎಂದರೆ ಮುಖ ಊದಿಸಿಕೊಳ್ಳದೆ ಇನ್ನೊಂದು ನುಡಿಸಿ ತೋರಿಸುವವನಿಗೆ. ಒಳ್ಳೆಯ ವಾದಕ, ಒಳ್ಳೆಯ ಮನುಷ್ಯ ಎಂದು ನಾವು ಬೇರೆ ಬೇರೆ ಹೇಳುತ್ತೇವೆ. ನಾಲ್ಕು ಗಂಟೆ ಒಂದೇ ಎ.ಸಿ. ಕೋಣೆಯಲ್ಲಿ ಕೂರುವವರಿಗೆ ಅವೆರಡೂ ಬೇರೆಯಲ್ಲ.

ಈಗ ಹಾಡು ಕೇಳುವ ಆ್ಯಪ್‌ಗಳಲ್ಲಿ, ಯೂಟ್ಯೂಬ್ ಹಾಡಿನ ಕೆಳಗೆ, ವಾದಕರ ಹೆಸರು ಒಂದೊಂದಾಗಿ ಬರುತ್ತಿದೆ. ತೆರೆದು ಓದಿ, ಎರಡು ನಿಮಿಷದ ಕೆಲಸ. ಹಳೆಯ ಕ್ಯಾಸೆಟ್ಟುಗಳಿಗೆ ಆ ಭಾಗ್ಯ ಇಲ್ಲ. ಅದನ್ನು ನುಡಿಸಿದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಯಾರಾದರೂ ಮನೆಗೆ ಹೋಗಿ ಕೂತು ಬರೆದುಕೊಂಡರೆ ಉಂಟು. ನಮ್ಮ ಗುಂಪು ಒಂದು ನೋಟ್‌ಬುಕ್ ಇಟ್ಟಿದೆ. ಜ್ವರದ ದಿನ ನುಡಿಸಿದ ಆ ಹುಡುಗನ ಹೆಸರು ಮೊದಲ ಪುಟದಲ್ಲಿದೆ. ಅಣ್ಣನದು ಮೂರನೆಯ ಪುಟದಿಂದ, ಅವರಿಗೆ ಹೇಳದೆ.

ನನ್ನ ಮಾತು ಇಷ್ಟೇ. ಒಂದು ಹಳೆಯ ಕ್ಯಾಸೆಟ್ ತಂದಿದ್ದೇನೆ, ಟೇಪು ಸ್ವಲ್ಪ ಎಳೆಯುತ್ತದೆ, ಸಹಿಸಿಕೊಳ್ಳಿ. ಎರಡನೆಯ ಚರಣದ ಮುಂಚೆ ಬರುತ್ತದೆ, ಎಡಗಡೆ ಸ್ಪೀಕರಿನಲ್ಲಿ ಮಾತ್ರ. ಹತ್ತಿರ ಬರುವವರು ಕುರ್ಚಿ ಎಳೆದುಕೊಂಡು ಬನ್ನಿ.